ಎಂಬತ್ತೈದರ ಲೆನ್ಸು, ಹದಿನಾಲ್ಕು ಅಡಿಯ ಸ್ಟುಡಿಯೋ

“ಅವಳನ್ನ ಒಂದು ನಾಲ್ಕು ಅಂಗುಲ ಕಮ್ಮಿ ತೋರಿಸೋಕೆ ಆಗತ್ತೇನ್ರೀ?” ಎಂದು ಆ ತಾಯಿ ಕೇಳಿದಾಗ ಸೊಂಟದ ಮಾತಿರಬೇಕು ಎಂದುಕೊಂಡೆ. ಎದುರಿಗೆ ನಿಂತಿದ್ದ ಮಗಳನ್ನು ನೋಡಿದೆ. ಸೊಂಟದಲ್ಲಿ ಕಮ್ಮಿ ಮಾಡುವುದಕ್ಕೆ ಏನೂ ಇರಲಿಲ್ಲ. ಮುಖ ನೋಡಲು ಕತ್ತು ಎತ್ತಬೇಕಾಯಿತು, ಆಗ ವಿಷಯ ತಿಳಿಯಿತು.

“ಐದು ಅಡಿ ಹತ್ತು,” ಎಂದರು ತಾಯಿ, ಪಕ್ಕದ ಅಂಗಡಿಗೆ ಕೇಳಿಸಬಾರದು ಎನ್ನುವ ಹಾಗೆ. ಅವರು ಮಗಳ ಭುಜಕ್ಕೂ ಬರುತ್ತಿರಲಿಲ್ಲ. ಬಹಳ ಕಾಲದಿಂದ ಮದರಾಸಿನಲ್ಲೇ ನೆಲೆಸಿದ ವೈಷ್ಣವರ ಮನೆ, ತಂದೆಗೆ ಬ್ಯಾಂಕಿನಲ್ಲಿ ಕೆಲಸ. ತಾಯಿ ಕನ್ನಡದಲ್ಲಿ ಕೇಳಿದರೆ ಮಗಳು ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಉತ್ತರ ಕೊಡುತ್ತಿದ್ದಳು.

“ಮೂರು ಗಂಡು ತಪ್ಪಿಹೋಯ್ತು ನೋಡಿ, ಮೂರೂ ಇವಳ ಉದ್ದದಿಂದಲೇ. ಅದರ ಮೇಲೆ ವಾಲಿಬಾಲ್ ಬೇರೆ. ಎಗರಿ ಎಗರಿ ಇನ್ನೂ ಉದ್ದ ಆಗ್ತಾಳೆ.”

“ಅಮ್ಮಾ, ಐ ಆಮ್ ಟ್ವೆಂಟಿ ಫೋರ್,” ಎಂದಳು ಮಗಳು.

ಮದರಾಸಿನ ಪುರಸೈವಾಕ್ಕಂ ಪೇಟೆಯಲ್ಲಿ, ಪಾತ್ರೆ ಅಂಗಡಿಗಳ ಹಿಂದಿನ ಬೀದಿಯಲ್ಲಿತ್ತು ನನ್ನ ಸ್ಟುಡಿಯೋ. ರೀಲು ಬಿಟ್ಟು ಡಿಜಿಟಲ್ ಕ್ಯಾಮೆರಾ ಕೊಂಡು ಆಗಿನ್ನೂ ಒಂದು ವರ್ಷ. ತೆಗೆಯುವವಳು ಹೆಂಗಸು ಎಂಬ ಕಾರಣಕ್ಕೆ ಜಾತಕದ ಜೊತೆ ಕಳಿಸುವ ಹುಡುಗಿಯರ ಫೋಟೋಗಳೇ ನನಗೆ ಹೆಚ್ಚು ಬರುತ್ತಿದ್ದವು. ಅದಕ್ಕೊಂದು ಕ್ರಮ ಇತ್ತು. ಒಂದು ಬರೀ ಮುಖ, ಇನ್ನೊಂದು ತಲೆಯಿಂದ ಪಾದದವರೆಗೆ ನಿಂತದ್ದು. ನಿಂತ ಫೋಟೋದಲ್ಲಿ ಪಕ್ಕಕ್ಕೊಂದು ಕುರ್ಚಿ ಇರಲೇಬೇಕು. ಗಂಡಿನ ಕಡೆಯ ಹಿರಿಯ ಹೆಂಗಸರು ಹುಡುಗಿಯ ಮುಖಕ್ಕಿಂತ ಮೊದಲು ಕುರ್ಚಿ ನೋಡುತ್ತಾರೆ. ಅದರ ಬೆನ್ನು ಹುಡುಗಿಯ ಮೊಣಕೈಗೆ ಬರುತ್ತದೋ ಸೊಂಟಕ್ಕೆ ಬರುತ್ತದೋ ಎಂದು ಲೆಕ್ಕ ಹಾಕುತ್ತಾರೆ. ಫೋಟೋದ ಹಿಂದೆ ಹೆಸರು, ನಕ್ಷತ್ರ, ಗೋತ್ರ, ಎತ್ತರ ಬರೆಯುವುದು ಹುಡುಗಿಯ ತಾಯಿಯ ಕೆಲಸ.

ಆಗಲ್ಲ ಅನ್ನಬಹುದಿತ್ತು. ಅನ್ನಲಿಲ್ಲ. ನನಗೆ ಬಾಯಿ ಜೋರು, ಆದರೆ ಗಿರಾಕಿ ಮುಂದೆ ಅದು ಎಲ್ಲಿ ಹೋಗುತ್ತದೋ ಗೊತ್ತಿಲ್ಲ. ಹಿತ್ತಲಿನಿಂದ ಇಟ್ಟಿಗೆ ತಂದು ಕುರ್ಚಿಯ ನಾಲ್ಕು ಕಾಲಿಗೂ ಒಂದೊಂದು ಕೊಟ್ಟೆ, ಮೇಲೊಂದು ಜರಿ ಬಟ್ಟೆ ಇಳಿಬಿಟ್ಟೆ. ಕ್ಯಾಮೆರಾದ ಜೊತೆಗೇ ಬಂದಿದ್ದ ಸಣ್ಣ ಝೂಮ್ ಲೆನ್ಸನ್ನು ಅಗಲಕ್ಕೆ ತಿರುಗಿಸಿ ಸ್ಟೂಲು ಹತ್ತಿದೆ. ಅಗಲದ ಲೆನ್ಸನ್ನು ಹತ್ತಿರದಿಂದ, ಮೇಲಿನಿಂದ ಕೆಳಕ್ಕೆ ಹಿಡಿದರೆ ತಲೆ ದೊಡ್ಡದಾಗುತ್ತದೆ, ಕಾಲು ಮೊಟಕಾಗುತ್ತದೆ. ಫೋಟೋದಲ್ಲಿ ಹುಡುಗಿ ಗಿಡ್ಡಗೆ, ಮುದ್ದಾಗಿ ಬಂದಳು. ತಾಯಿಗೆ ಸಂತೋಷವಾಯಿತು. ಹಿಂದೆ ‘ಐದು ಅಡಿ ಆರು’ ಎಂದು ಬರೆದರು. ಹುಡುಗಿ ಫೋಟೋವನ್ನು ಒಮ್ಮೆ ನೋಡಿ ಅಮ್ಮನ ಕೈಗೇ ವಾಪಸು ಕೊಟ್ಟಳು.

ಒಂದು ವಾರ ಬಿಟ್ಟು ಅವಳೊಬ್ಬಳೇ ಬಂದಳು. ಅವಳ ಕ್ಲಬ್ಬು ಮಹಿಳೆಯರ ವಾಲಿಬಾಲ್ ಪಂದ್ಯಾವಳಿ ನಡೆಸುತ್ತಿತ್ತು, ಅದರ ಸ್ಮರಣ ಸಂಚಿಕೆಗೆ ಆಟದ ಫೋಟೋ ಬೇಕಂತೆ. ಕೋಚ್ ಹತ್ತಿರ ನನ್ನ ಹೆಸರು ಹೇಳಿದ್ದಳು. “ಲೇಡೀಸ್ ಟೀಮ್ ಅಲ್ವಾ ಆಂಟಿ, ನೀಂಗಳೇ ವಾಂಗೋ,” ಎಂದಳು, ನೀವೇ ಬನ್ನಿ ಎಂದು. ಇನ್ನು ಮೂರು ವಾರ ಇತ್ತು. ಆಟದ ಫೋಟೋ ನಾನು ಜನ್ಮದಲ್ಲಿ ತೆಗೆದವಳಲ್ಲ. ಆದರೂ ಮದುಮಗಳನ್ನು ಹಿಡಿದವಳಿಗೆ ಚೆಂಡು ಹಿಡಿಯುವುದೇನು ಕಷ್ಟ ಎಂದು ಒಪ್ಪಿಕೊಂಡುಬಿಟ್ಟೆ.

ಅಭ್ಯಾಸದ ದಿನ ಅದೇ ಸಣ್ಣ ಝೂಮ್ ಹಿಡಿದು ಹೋದೆ. ತಗಡಿನ ಚಾವಣಿಯ ದೊಡ್ಡ ಹಾಲ್, ಮೇಲೆಲ್ಲೋ ಟ್ಯೂಬ್‌ಲೈಟುಗಳು. ಕಣ್ಣಿಗೆ ಬೇಕಾದಷ್ಟು ಬೆಳಕಿತ್ತು, ಕ್ಯಾಮೆರಾಕ್ಕೆ ಇರಲಿಲ್ಲ. ಫ್ಲ್ಯಾಶ್ ಹಾಕಿದರೆ ಆಡುವವರ ಕಣ್ಣು ಕುಕ್ಕುತ್ತದೆ, ಬೇಡ ಎಂದರು ಕೋಚ್. ಲೆನ್ಸನ್ನು ಪೂರ್ತಿ ತೆರೆದರೂ ಸೆಕೆಂಡಿನ ಅರವತ್ತನೇ ಒಂದು ಭಾಗಕ್ಕಿಂತ ವೇಗವಾಗಿ ತೆಗೆಯಲು ಆಗಲಿಲ್ಲ. ನಿಂತವರು ಬಂದರು, ನೆಗೆದವರು ಕಲಸಿಹೋದರು. ಹುಡುಗಿ ಕ್ಯಾಮೆರಾದ ಪುಟ್ಟ ಪರದೆಗೆ ಬಗ್ಗಿ ನೋಡಿದಳು. ಕೈಗಳಿದ್ದ ಜಾಗದಲ್ಲಿ ಬರೀ ಬಿಳಿ ಹೊಗೆ.

“ಆಂಟಿ, ಇದು ನಾನಾ? ಪೇಯ್ ಮಾದಿರಿ ಇರುಕ್ಕು,” ಎಂದು ನಕ್ಕಳು. ದೆವ್ವದ ಹಾಗಿದ್ದೇನೆ ಎಂದು. ನನಗೆ ನಗು ಬರಲಿಲ್ಲ.

ಲೆನ್ಸ್ ಕೊಳ್ಳಬೇಕು, ಅದು ಖಾತ್ರಿಯಾಯಿತು. ಚೀಟಿ ಎತ್ತಿದ ದುಡ್ಡಿತ್ತು, ಒಂದು ಲೆನ್ಸಿಗೆ ಸಾಕು, ಎರಡಕ್ಕೆ ಸಾಲದು. ಆ ಒಂದರಲ್ಲೇ ಮುಖವೂ ಬರಬೇಕು, ಆಟವೂ ಬರಬೇಕು. ಅಲ್ಲಿಂದ ಶುರುವಾಯಿತು ನನ್ನ ಪರದಾಟ.

ಹಾರ್ಬರ್ ಹತ್ತಿರದ ಪ್ಯಾರೀಸ್ ಕಾರ್ನರ್ ಕಡೆ ಒಂದು ಗಲ್ಲಿಯಲ್ಲಿ, ಒಬ್ಬರು ಹತ್ತಿದರೆ ಇನ್ನೊಬ್ಬರು ಇಳಿಯಲಾಗದ ಮೆಟ್ಟಿಲ ಮೇಲೆ, ಹಳೆಯ ಕ್ಯಾಮೆರಾ ಮಾರುವ ಮುದುಕರೊಬ್ಬರು ಇದ್ದರು. ಕನ್ನಡಕಕ್ಕೆ ದಾರ ಕಟ್ಟಿ ಎದೆಗೆ ನೇತುಹಾಕಿಕೊಂಡವರು. ಅವರು ಮಾತಾಡಿದ್ದು ತಮಿಳು, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮೇಜಿನ ಮೇಲೆ ಟವೆಲ್ ಹಾಸಿ ನಾಲ್ಕು ಲೆನ್ಸ್ ಸಾಲಾಗಿ ಇಟ್ಟರು.

ಮೊದಲನೆಯದು ಐವತ್ತು ಮಿಲಿಮೀಟರಿನದು, ಅಗ್ಗ, ಹಗುರ. ಈ ಅಂಕಿ ಹೆಚ್ಚಾದಷ್ಟೂ ದೂರದ್ದು ಹತ್ತಿರ ಕಾಣುತ್ತದೆ. ರೀಲಿನ ಕಾಲದಲ್ಲಿ ಐವತ್ತು ಎಂದರೆ ಐವತ್ತೇ ಆಗಿತ್ತು. ಡಿಜಿಟಲ್ ಕ್ಯಾಮೆರಾದ ಒಳಗೆ ರೀಲಿನ ಜಾಗದಲ್ಲಿರುವ ಚಿಪ್ ಚಿಕ್ಕದು, ಹಾಗಾಗಿ ಐವತ್ತು ಹಾಕಿದರೆ ಎಪ್ಪತ್ತೈದರಷ್ಟು ಹತ್ತಿರ ಕಾಣುತ್ತದೆ ಎಂದರು. ಹಾಗಾದರೆ ಎಂಬತ್ತೈದು ಎಷ್ಟಾಗುತ್ತದೆ, ಮುನ್ನೂರು ಎಷ್ಟಾಗುತ್ತದೆ ಎಂದು ಬೆರಳು ಮಡಚುತ್ತ ಕೂತೆ. ಎರಡನೆಯದೇ ಆ ಎಂಬತ್ತೈದು, ಕತ್ತಲಲ್ಲೂ ಬೆಳಕು ಹೀರುವಂಥದ್ದು, ಆದರೆ ಝೂಮ್ ಇಲ್ಲ, ಇದ್ದಲ್ಲೇ ಇರುತ್ತದೆ. ಮೂರನೆಯದು ಎಪ್ಪತ್ತರಿಂದ ಮುನ್ನೂರರವರೆಗೆ ಎಳೆಯುವ ಉದ್ದನೆಯ ಝೂಮ್. ನಾಲ್ಕನೆಯದು ಪತ್ರಿಕೆಯವರು ಹಿಡಿಯುವಂಥ ಭಾರದ ಝೂಮ್, ಅದು ನನ್ನ ಕೈಗೆಟುಕುವ ಬೆಲೆಗೆ ಹೇಗೆ ಬಂತು ಎಂದು ಆಶ್ಚರ್ಯವಾಯಿತು. ಮುದುಕರು ಹಿಂದಿನಿಂದ ಟಾರ್ಚ್ ಬಿಟ್ಟು ತೋರಿಸಿದರು. ಗಾಜಿನ ಒಳಗೆ ಜೇಡರ ಬಲೆಯಂತೆ ಬೂಷ್ಟು. ಸಮುದ್ರದ ಊರಿನ ತೇವಕ್ಕೆ ಅರ್ಧಕ್ಕರ್ಧ ಲೆನ್ಸು ಹೀಗೇ ಹೋಗುತ್ತವೆ ಎಂದರು.

“ಯಾವುದು ಒಳ್ಳೇದು ಹೇಳಿ,” ಎಂದೆ.

“ಬೂಷ್ಟು ಹಿಡಿದದ್ದು ಬಿಟ್ಟರೆ ಎಲ್ಲಾ ಒಳ್ಳೇದೇ ಅಮ್ಮಾ. ನೀವು ಎಲ್ಲಿ ನಿಂತ್ಕೋತೀರಿ?”

“ಎಲ್ಲಿ ಬೇಕಾದ್ರೂ ನಿಂತ್ಕೋತೀನಿ.”

“ಹಾಗಂದ್ರೆ ನಾನು ಏನು ಹೇಳಲಿ.”

ನನಗೆ ರೇಗಿತು. ಮಾರಲು ಕೂತವರು ನೆಟ್ಟಗೆ ಒಂದು ಹೆಸರು ಹೇಳುವುದು ಬಿಟ್ಟು ನಿಲ್ಲುವ ಜಾಗ ಕೇಳುತ್ತಾರಲ್ಲ. ಮನೆಗೆ ಬಂದು ಕಾಗದದ ಮೇಲೆ ಬರೆದೆ, ಹೊಡೆದುಹಾಕಿದೆ, ಮತ್ತೆ ಬರೆದೆ. ಲೆನ್ಸ್ ಎಷ್ಟು ಅಗಲ ತೆರೆಯುತ್ತದೆ ಎನ್ನುವ ಅಂಕಿ ಬೇರೆ ಉಲ್ಟಾ. ಅಂಕಿ ಚಿಕ್ಕದಾದಷ್ಟೂ ಬೆಳಕು ಹೆಚ್ಚು. ವಿಮೆ ಕಚೇರಿಯಿಂದ ಬಂದ ನಮ್ಮ ಮನೆಯವರು ಆ ಕಾಗದ ನೋಡಿ, “ಇದೇನು, ಯಾರ ಜಾತಕ?” ಎಂದರು. ಅವರ ಮೇಲೂ ರೇಗಿದೆ.

ಕೊನೆಗೆ ಮೂರನೆಯದನ್ನು, ಆ ಮುನ್ನೂರರವರೆಗಿನ ಝೂಮನ್ನು ತಂದೆ. ಯಾಕೆ ಎಂದು ಕೇಳಿದರೆ ಕಾರಣ ನಾಚಿಕೆಯದು, ಅದು ಉದ್ದವಾಗಿತ್ತು. ಕುತ್ತಿಗೆಗೆ ಹಾಕಿಕೊಂಡು ಹಾಲ್‌ಗೆ ಹೋದರೆ ನಾಲ್ಕು ಜನ ತಿರುಗಿ ನೋಡುತ್ತಾರೆ ಎನಿಸಿತು. ನೋಡಿದರು ಕೂಡ. ಕೋಚ್ ಕುರ್ಚಿ ತರಿಸಿಕೊಟ್ಟರು. ಆದರೆ ಫೋಟೋ ಮೊದಲಿಗಿಂತ ಕೆಟ್ಟವು. ದೂರದ್ದು ಹತ್ತಿರ ಬಂತೇ ಹೊರತು ಬೆಳಕು ಬರಲಿಲ್ಲ. ಮೊದಲು ಕೈ ಮಾತ್ರ ಹೊಗೆಯಾಗಿತ್ತು, ಈಗ ಇಡೀ ಹುಡುಗಿ ಹೊಗೆ. ಒಂದು ವಾರ ಹೀಗೆ ಹಾಳಾಯಿತು.

ಆ ವಾರದಲ್ಲೇ ಹುಡುಗಿಯನ್ನು ನೋಡಲು ಗಂಡಿನವರು ಬಂದರು. ನಡೆದದ್ದನ್ನು ಅವಳೇ ಹಾಲ್‌ನ ಮೆಟ್ಟಿಲ ಮೇಲೆ ಕೂತು, ಷೂ ದಾರ ಕಟ್ಟುತ್ತ ಹೇಳಿದಳು. ತಮಿಳಿನಲ್ಲಿ ಶುರುಮಾಡಿ ಇಂಗ್ಲಿಷಿಗೆ ಹೋಗಿ ಮತ್ತೆ ತಮಿಳಿಗೆ ಬಂದಳು. ಸೊಜ್ಜಿಗೆ, ಬಜ್ಜಿ ಎಲ್ಲ ಆಗಿತ್ತು. ಅವಳು ಕಾಫಿ ತಟ್ಟೆ ಹಿಡಿದು ಬಂದಳು. ಗಂಡಿನ ತಾಯಿ ಲೋಟ ತೆಗೆದುಕೊಂಡು, ಅವಳ ಹಿಂದಿನ ಬಾಗಿಲ ಕಡೆ ನೋಡಿ, “ಇವರು ಅಕ್ಕನಾ? ಹುಡುಗಿ ಎಲ್ಲಿ?” ಎಂದರಂತೆ.

“ಕೈಯಲ್ಲಿ ನೀವು ತೆಗೆದ ಫೋಟೋ ಇಟ್ಕೊಂಡಿದ್ರು ಆಂಟಿ,” ಎಂದಳು. ಅಷ್ಟು ಹೊತ್ತು ನಗುತ್ತಿದ್ದವಳು ಅದಾದ ಮೇಲೆ ನಗಲಿಲ್ಲ.

ಇಟ್ಟಿಗೆ ತಂದವಳು ನಾನು. ಸ್ಟೂಲು ಹತ್ತಿದವಳು ನಾನು. ತಾಯಿ ಕೇಳಿದರು ನಿಜ, ಆದರೆ ತಾಯಿಗೆ ಲೆನ್ಸ್ ಗೊತ್ತಿಲ್ಲ, ನನಗೆ ಗೊತ್ತಿತ್ತು. ಅವಳು ಎದ್ದು ಹಾಲ್‌ಗೆ ನಡೆದಾಗ ಹಿಂದಿನಿಂದ ನೋಡಿದೆ. ಭುಜ ಮುಂದಕ್ಕೆ, ಕತ್ತು ಕೆಳಕ್ಕೆ, ಬೆನ್ನು ಬಗ್ಗಿಸಿಕೊಂಡು ಎರಡಂಗುಲ ಉಳಿಸುವ ನಡಿಗೆ. ಮೊದಲು ಹೀಗೆ ನಡೆಯುತ್ತಿದ್ದಳೋ ಇಲ್ಲವೋ ನಾನು ಗಮನಿಸಿರಲಿಲ್ಲ. ಪಂದ್ಯಾವಳಿ ಮುಗಿದರೆ ಆಟವೂ ಬಂದ್ ಎಂದು ತಾಯಿ ಹೇಳಿಯಾಗಿತ್ತು.

ಮರುದಿನ ಮುದುಕರ ಹತ್ತಿರ ಹೋಗಿ ಉದ್ದನೆಯ ಝೂಮನ್ನು ಟವೆಲ್ ಮೇಲೆ ಇಟ್ಟೆ. ವಾಪಸು ತೆಗೆದುಕೊಳ್ಳುತ್ತೇನೆ, ಸ್ವಲ್ಪ ಕಡಿಮೆಯಾಗುತ್ತದೆ ಎಂದರು. ಆಮೇಲೆ ಅದೇ ಪ್ರಶ್ನೆ ಕೇಳಿದರು.

“ಎಲ್ಲಿ ನಿಂತ್ಕೋತೀರಿ?”

ಈ ಸಲ ಯೋಚಿಸಿದೆ. “ಅಂಕಣದ ಗೆರೆ ಪಕ್ಕ. ಬಲೆಯಿಂದ ಇಪ್ಪತ್ತು, ಇಪ್ಪತ್ತೈದು ಅಡಿ. ಅದಕ್ಕಿಂತ ಹತ್ತಿರ ಬಿಡಲ್ಲ, ದೂರ ಹೋದ್ರೆ ಜನ ಅಡ್ಡ ಬರ್ತಾರೆ.”

ಅವರು ಎಂಬತ್ತೈದರದನ್ನು ಮುಂದಕ್ಕೆ ತಳ್ಳಿದರು. ಅದರ ಬೆಲೆಗೆ ನನ್ನ ದುಡ್ಡು ಸಾಲದೆ ಬಂತು. ಕ್ಯಾಮೆರಾದಲ್ಲಿದ್ದ ಸಣ್ಣ ಝೂಮನ್ನು ಬಿಚ್ಚಿ, ಇದನ್ನೂ ಇಟ್ಟುಕೊಳ್ಳಿ ಎಂದೆ.

“ಇದನ್ನೂ ಕೊಟ್ರೆ ಅಂಗಡಿಯೊಳಗೆ ಅಗಲದ ಫೋಟೋ ಯಾವುದರಲ್ಲಿ ತೆಗೀತೀರಿ?”

“ತೆಗೆಯಲ್ಲ.”

ಇದು ಜಾಣತನವೋ ಹುಂಬತನವೋ ಆಗಲೂ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ. ಆ ಲೆನ್ಸ್ ಮನೆಯಲ್ಲಿದ್ದರೆ ಇನ್ನೊಬ್ಬ ತಾಯಿ ಬಂದು ಕೇಳಿದಾಗ ಮತ್ತೆ ಸ್ಟೂಲು ಹತ್ತುತ್ತೇನೆ ಎನ್ನುವುದು ಮಾತ್ರ ಗೊತ್ತಿತ್ತು.

ಸ್ಟುಡಿಯೋಗೆ ಬಂದು ಹಾಕಿ ನೋಡಿದೆ. ಗೋಡೆಯಿಂದ ಗೋಡೆಗೆ ಹದಿನಾಲ್ಕು ಅಡಿ. ಹಿಂದಿನ ಗೋಡೆಗೆ ಬೆನ್ನು ಅಂಟಿಸಿ ನಿಂತರೂ ನಮ್ಮ ಮನೆಯವರು ತಲೆಯಿಂದ ಸೊಂಟದವರೆಗೆ ಮಾತ್ರ ಹಿಡಿಸಿದರು. ಲೆಕ್ಕ ಹಾಕಿದೆ. ಪಾದದವರೆಗೆ ಬರಬೇಕಾದರೆ ಇಪ್ಪತ್ತಾರು ಅಡಿ ಬೇಕು.

“ಅಂದ್ರೆ ಇನ್ನು ಮುಂದೆ ಈ ಪೇಟೆಯ ಹುಡುಗಿಯರಿಗೆಲ್ಲ ಕಾಲಿಲ್ಲ,” ಎಂದರು ಅವರು.

ಆ ವಾರ ನಿಂತ ಫೋಟೋ ಕೇಳಿಕೊಂಡು ಬಂದ ಎರಡು ಮನೆಯವರನ್ನು ಮುಂದಿನ ಬೀದಿಯ ಸ್ಟುಡಿಯೋಗೆ ಕಳಿಸಿದೆ. ಮುಖದ ಫೋಟೋಗಳು ಮಾತ್ರ ಇಷ್ಟು ವರ್ಷದಲ್ಲಿ ಬಾರದಷ್ಟು ಚೆನ್ನಾಗಿ ಬಂದವು. ಮೂಗು ಉಬ್ಬುವುದಿಲ್ಲ, ಕೆನ್ನೆ ಅಗಲವಾಗುವುದಿಲ್ಲ, ಹಿಂದಿನ ಪರದೆಯ ಸುಕ್ಕು ಕರಗಿಹೋಗುತ್ತದೆ. ಅಷ್ಟು ಸಮಾಧಾನ.

ಪಂದ್ಯದ ಮೊದಲ ದಿನ ಮತ್ತೆ ಏಟು ತಿಂದೆ. ಬೆಳಕೇನೋ ಈಗ ಸಾಕಷ್ಟಿತ್ತು, ಸೆಕೆಂಡಿನ ಐನೂರನೇ ಒಂದು ಭಾಗದಲ್ಲಿ ತೆಗೆಯಬಹುದಿತ್ತು. ಆದರೆ ಲೆನ್ಸನ್ನು ಅಷ್ಟು ತೆರೆದಾಗ ಸ್ಪಷ್ಟವಾಗಿ ಬರುವುದು ಒಂದು ಗೇಣು ಜಾಗ ಮಾತ್ರ. ನಾನು ಚೆಂಡಿನ ಹಿಂದೆ ಕ್ಯಾಮೆರಾ ತಿರುಗಿಸಿದೆ, ಅದು ಹುಡುಗಿಯರನ್ನು ಬಿಟ್ಟು ಬಲೆಯ ಎಳೆಗಳನ್ನು ಅಚ್ಚುಕಟ್ಟಾಗಿ ಹಿಡಿಯಿತು. ಸಂಜೆಯವರೆಗೆ ತೆಗೆದದ್ದರಲ್ಲಿ ಬಲೆಯ ಗಂಟು ಎಣಿಸಬಹುದಿತ್ತು, ಆಡುವವರ ಗುರುತು ಸಿಗುತ್ತಿರಲಿಲ್ಲ. ಊಟದ ಹೊತ್ತಿಗೆ ಕೋಚ್ ನನ್ನ ಕಡೆ ನೋಡುವುದನ್ನೇ ಬಿಟ್ಟಿದ್ದರು.

ಎರಡನೇ ದಿನ ಚೆಂಡನ್ನು ಅದರ ಪಾಡಿಗೆ ಬಿಟ್ಟೆ. ಬಲೆಯ ಬಲ ಮೂಲೆಯಲ್ಲಿ, ಆ ಹುಡುಗಿ ಯಾವಾಗಲೂ ನೆಗೆಯುವ ಜಾಗಕ್ಕೆ ಲೆನ್ಸನ್ನು ಕೈಯಿಂದ ಹೊಂದಿಸಿ ಟೇಪು ಅಂಟಿಸಿದೆ. ಆಮೇಲೆ ಕಣ್ಣಿಗಿಂತ ಕಿವಿ ಉಪಯೋಗಕ್ಕೆ ಬಂತು. ಮರದ ನೆಲದ ಮೇಲೆ ಅವಳ ಹೆಜ್ಜೆಗೊಂದು ಲಯ ಇತ್ತು. ಒಂದು ನಿಧಾನ, ಎರಡು ಬೇಗ, ಆಮೇಲೆ ಸದ್ದಿಲ್ಲ. ಸದ್ದಿಲ್ಲದಾಗ ಒತ್ತಬೇಕು. ಇಪ್ಪತ್ತು ಸಲ ತಪ್ಪಿತು. ಒಮ್ಮೆ ಮೊಣಕೈ ಬಂತು, ಒಮ್ಮೆ ಬರೀ ಜಡೆ. ಮಧ್ಯಾಹ್ನದ ಪಂದ್ಯದಲ್ಲಿ ಒಂದು ಸಿಕ್ಕಿತು.

ಬಲೆಯ ಮೇಲೆ ಅವಳ ಕತ್ತು, ಎರಡೂ ಭುಜ, ತೆರೆದ ಬಾಯಿ, ಹಿಂದಕ್ಕೆ ಎತ್ತಿದ ಕೈ. ಎದುರಿನ ಇಬ್ಬರು ಕತ್ತೆತ್ತಿ ಅವಳನ್ನೇ ನೋಡುತ್ತಿದ್ದಾರೆ. ಪರದೆಯನ್ನು ದೊಡ್ಡದು ಮಾಡಿ ನೋಡಿದೆ. ನನಗೆ ಬೇಕಾಗಿದ್ದದ್ದು ಅವಳ ಬೆನ್ನು. ಅಲ್ಲಿ ಒಂದಂಗುಲವೂ ಬಾಗಿರಲಿಲ್ಲ. ನೆಲದ ಮೇಲೆ ಮುಚ್ಚಿಟ್ಟುಕೊಂಡದ್ದನ್ನೆಲ್ಲ ಅವಳು ಗಾಳಿಯಲ್ಲಿ ಬಿಚ್ಚುತ್ತಿದ್ದಳು. ನನಗೆ ಅಳು ಬಂತು, ಅಲ್ಲೇ ಗೆರೆಯ ಪಕ್ಕ ಕೂತು ಸೆರಗಿನಲ್ಲಿ ಕಣ್ಣೊರೆಸಿಕೊಂಡೆ. ಅವಳ ತಂಡ ಸೆಮಿಫೈನಲ್‌ನಲ್ಲಿ ಸೋತಿತು. ಫೋಟೋ ಸ್ಮರಣ ಸಂಚಿಕೆಯ ರಕ್ಷಾಪುಟಕ್ಕೆ ಹೋಯಿತು.

ಅದಾಗಿ ನಾಲ್ಕು ದಿನಕ್ಕೆ ತಾಯಿ ಮಗಳನ್ನು ಕರೆದುಕೊಂಡು ಬಂದರು. ಹೊಸ ಸಂಬಂಧ, ಹೊಸ ಫೋಟೋ ಬೇಕು. “ಆ ಕುರ್ಚಿಗೆ ಇನ್ನೊಂದೊಂದು ಇಟ್ಟಿಗೆ ಕೊಡಿ,” ಎಂದರು.

“ಇಟ್ಟಿಗೆ ಇಲ್ಲ, ಕುರ್ಚಿಯೂ ಇಲ್ಲ. ಆ ಲೆನ್ಸೂ ಮಾರಿಬಿಟ್ಟೆ,” ಎಂದೆ. ಅವತ್ತು ಬಾಯಿ ಎಲ್ಲಿಂದಲೋ ವಾಪಸು ಬಂದಿತ್ತು. “ಅವತ್ತು ನಾನು ತೆಗೆದದ್ದು ತಪ್ಪು. ನಿಮ್ಮನೆಗೆ ಬಂದವರು ಇವಳನ್ನ ಅಕ್ಕ ಅಂದ್ರಲ್ಲ, ಅದು ನನ್ನಿಂದ.”

ತಾಯಿಯ ಮುಖ ಕೆಂಪಾಯಿತು. “ಹೇಳೋದು ಸುಲಭ. ನಿಮಗೆ ಹೆಣ್ಣುಮಕ್ಕಳಿದ್ದಿದ್ರೆ ಗೊತ್ತಾಗ್ತಿತ್ತು.”

ಅದು ನಾಟಿತು. ಆದರೆ ಅವರೂ ಸೋತಿದ್ದರು. “ಒಂದೇ ಒಂದು ತೆಗೀತೀನಿ. ಬೇಡ ಅಂದ್ರೆ ಹರಿದುಹಾಕಿ,” ಎಂದೆ. ತಾಯಿ ಮಗಳ ಮುಖ ನೋಡಿದರು. ಮಗಳು ನೆಲ ನೋಡುತ್ತಿದ್ದಳು.

ಆಗಲೇ ಮುದುಕರ ಪ್ರಶ್ನೆ ಪೂರ್ತಿ ತಲೆಗೆ ಹೋದದ್ದು. ಸ್ಟುಡಿಯೋದೊಳಗೆ ಇಪ್ಪತ್ತಾರು ಅಡಿ ಇಲ್ಲ ನಿಜ, ಆದರೆ ನಾನು ಸ್ಟುಡಿಯೋದೊಳಗೇ ನಿಲ್ಲಬೇಕು ಎಂದವರು ಯಾರು? ಹುಡುಗಿಯನ್ನು ನನ್ನ ಬಾಗಿಲಲ್ಲಿ ನಿಲ್ಲಿಸಿ, ತಾಯಿಯ ಕೈ ಹಿಡಿದು ರಸ್ತೆ ದಾಟಿ, ಎದುರಿನ ಟೈಲರ್ ಅಂಗಡಿಯ ಮೆಟ್ಟಿಲು ಹತ್ತಿದೆ. ಅಲ್ಲಿಂದ ನೋಡಿದರೆ ತಲೆ, ಪಾದ, ಎರಡೂ ಸರಿಯಾಗಿ ಹಿಡಿಸಿದವು. ಆದರೆ ನಡುವೆ ಪುರಸೈವಾಕ್ಕಂ ಇತ್ತು. ಆಟೋ, ಸೈಕಲ್ಲು, ಸೀರೆ ಚೀಲದ ಹೆಂಗಸರು, ಪಾತ್ರೆ ತುಂಬಿದ ಕೈಗಾಡಿ. ನಾನು ಹಾಲ್‌ನಲ್ಲಿ ಕಾದ ಹಾಗೆ ಕಾದೆ. ಖಾಲಿ ಸಿಕ್ಕಾಗ ಹುಡುಗಿ ಬಗ್ಗಿರುತ್ತಿದ್ದಳು. ರೋಲಿಂಗ್ ಷಟರ್‌ನ ಅಂಚು ಅವಳ ತಲೆಗೆ ಹತ್ತಿರವಿತ್ತು, ಬೀದಿಯೆಲ್ಲ ನೋಡುತ್ತಿತ್ತು.

“ನಿಮಿಂದು ನಿಲ್ಲು,” ಎಂದು ಕೂಗಿದೆ. ಬೆನ್ನು ನೆಟ್ಟಗೆ ಮಾಡು ಎಂದು. ಅವಳಿಗೆ ಕೇಳಿಸಲಿಲ್ಲ. ಟೈಲರ್ ಮಷಿನ್ ನಿಲ್ಲಿಸಿದ. ಇನ್ನೊಮ್ಮೆ ಕೂಗಬೇಕು ಎನ್ನುವಷ್ಟರಲ್ಲಿ ಪಕ್ಕದಲ್ಲಿದ್ದ ತಾಯಿ ಮೆಟ್ಟಿಲ ಅಂಚಿಗೆ ಬಂದರು. ಕೂಗಲಿಲ್ಲ. ತಮ್ಮ ಸಣ್ಣ ಬೆನ್ನನ್ನು ನೆಟ್ಟಗೆ ಮಾಡಿ, ಗದ್ದ ಎತ್ತಿ, ಹೀಗೆ ಎಂದು ನಿಂತು ತೋರಿಸಿದರು. ಅಷ್ಟರಲ್ಲಿ ಒಂದು ವ್ಯಾನು ಅಡ್ಡ ಬಂತು. ಅದು ಹೋದಾಗ ಹುಡುಗಿ ನಿಂತಿದ್ದಳು, ಬಲೆಯ ಮೇಲೆ ನಿಂತಿದ್ದಳಲ್ಲ, ಹಾಗೆ. ಒತ್ತಿದೆ.

“ನಮ್ಮಪ್ಪ ಹೀಗೇ ನಿಲ್ತಿದ್ರು,” ಎಂದರು ತಾಯಿ. “ಇಷ್ಟು ದೂರದಿಂದ ಇವಳನ್ನ ನಾನು ನೋಡೇ ಇರಲಿಲ್ಲ. ಯಾವಾಗಲೂ ಹತ್ತಿರದಲ್ಲೇ ಇರ್ತಾಳೆ, ಕತ್ತೆತ್ತಿ ನೋಡಿ ನೋಡಿ ನನಗೆ ಸಿಟ್ಟು ಬರ್ತಿತ್ತು.”

ಎರಡು ದಿನ ಬಿಟ್ಟು ಪ್ರಿಂಟ್ ತೆಗೆದುಕೊಳ್ಳಲು ಇಬ್ಬರೂ ಬಂದರು. ತಾಯಿ ಫೋಟೋ ಹಿಡಿದು ಬಹಳ ಹೊತ್ತು ನೋಡಿದರು. ಎತ್ತರ ಅಳೆಯಲು ಕುರ್ಚಿ ಬೇಕೇ ಇರಲಿಲ್ಲ. ಷಟರ್‌ನ ಎತ್ತರ ಎಷ್ಟು ಎಂದು ಯಾರಿಗಾದರೂ ಗೊತ್ತಿರುತ್ತದೆ. ಈ ಫೋಟೋ ಯಾರ ಮನೆಗೆ ಹೋದೀತು, ಯಾವ ಮನೆಯಿಂದ ವಾಪಸು ಬಂದೀತು, ನಾನು ಮಾಡಿದ್ದು ಆ ಹುಡುಗಿಗೆ ಒಳ್ಳೆಯದೋ ಕೆಟ್ಟದ್ದೋ, ಒಂದೂ ತಿಳಿಯದೆ ಮೇಜಿನ ಹಿಂದೆ ಕೂತಿದ್ದೆ.

“ಪೆನ್ನು ಕೊಡಿ,” ಎಂದರು ತಾಯಿ.

ಕೊಟ್ಟೆ. ಫೋಟೋ ತಿರುಗಿಸಿ ಹೆಸರು ಬರೆದರು, ನಕ್ಷತ್ರ ಬರೆದರು, ಗೋತ್ರ ಬರೆದರು. ಎತ್ತರಕ್ಕೆ ಬಂದಾಗ ಪೆನ್ನು ನಿಂತಿತು. ಆಮೇಲೆ, ‘ಐದು ಅಡಿ ಹತ್ತು’ ಎಂದು ಬರೆದರು.

ಹಿಂದೆ ನಿಂತು ಅವರ ತಲೆಯ ಮೇಲಿನಿಂದ ನೋಡುತ್ತಿದ್ದ ಮಗಳು, ನನ್ನ ಮುಂದೆ ಮೊದಲ ಸಲ ಕನ್ನಡದಲ್ಲಿ ಅಮ್ಮನಿಗೆ ಉತ್ತರ ಕೊಟ್ಟಳು.

“ಹತ್ತೂವರೆ, ಅಮ್ಮಾ.”

ತಾಯಿ ತಿರುಗಿ ನೋಡಲಿಲ್ಲ. ಆ ಅರ್ಧವನ್ನೂ ಸೇರಿಸಿ ಬರೆದರು.